ಮರಳು ನಿಲ್ಲುತ್ತೆ, ಕವರ್ ಸಾಗುತ್ತೆ

ಬಸ್ತಿಹಳ್ಳಿಗೆ ಜನ ಬರೋದು ಬಸದಿ ನೋಡೋಕೆ. 1133ರ ಪಾರ್ಶ್ವನಾಥ ಬಸದಿ, ಮುಖ ಕಾಣೋ ಹಾಗೆ ನಯ ಮಾಡಿರೋ ಕಂಬಗಳು. ಇಂಥ ಊರಲ್ಲಿ ಕೂತು ಕಡಲ ಮಾತ್ಯಾಕೆ ಅಂತೀರಾ? ನಮ್ಮ ಹಾಸನ ಜಿಲ್ಲೆ ನೀರು ಒಂದಲ್ಲ, ಎರಡು ಕಡಲಿಗೆ ಹೋಗುತ್ತೆ. ಬೇಲೂರಿನ ಯಗಚಿ ಹೇಮಾವತಿಗೆ ಸೇರಿ, ಅದು ಕೆ.ಆರ್.ಎಸ್. ಹಿನ್ನೀರಲ್ಲಿ ಕಾವೇರಿ ಸೇರಿ, ಕೊನೆಗೆ ಪೂಂಪುಹಾರ್ ಹತ್ರ ಬಂಗಾಳ ಕೊಲ್ಲಿ. ಸಕಲೇಶಪುರದ ಪಡುವಣ ಇಳಿಜಾರಲ್ಲಿ ಬಿದ್ದ ಮಳೆ ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ ದಾಟಿ ಉಳ್ಳಾಲದ ಪಕ್ಕದಲ್ಲಿ ಅರಬ್ಬಿ ಸಮುದ್ರ.

ಹೊಳೆ ಕಡಲಿಗೆ ಬರೀ ನೀರು ಹೊರೋದಿಲ್ಲ, ಮರಳನ್ನೂ ಹೊರುತ್ತೆ. ಮಳೆಗಾಲದ ಅಲೆ ದಡ ಕೆರೆದುಕೊಂಡು ಹೋದ್ರೂ ದಡ ಉಳಿಯೋದು ಹಿಂದಿನಿಂದ ಹೊಸ ಮರಳು ಬರ್ತಾ ಇರೋದ್ರಿಂದ. ಕಾವೇರಿಗೆ ಕೆ.ಆರ್.ಎಸ್., ಮೆಟ್ಟೂರು ಅಣೆಕಟ್ಟು ಬಂದಿದ್ದು 1930ರ ದಶಕದಲ್ಲಿ. ಆಮೇಲೆ ಗೊರೂರು, ಯಗಚಿ. ಅಣೆಕಟ್ಟಿನ ತಳದಲ್ಲಿ ಮರಳು ಕೂರುತ್ತೆ. ತೇಲೋ ಕವರು, ಬಾಟಲಿ? ಒಂದಷ್ಟು ಸಿಕ್ಕಿಹಾಕ್ಕೊಳ್ಳುತ್ತೆ, ಉಳಿದಿದ್ದು ಗೇಟ್ ಎತ್ತಿದ ದಿನ ಹೊರಟುಹೋಗುತ್ತೆ. ಹೋಗಬೇಕಾದ್ದು ಹೋಗಲ್ಲ, ಹೋಗಬಾರದ್ದು ಹೋಗುತ್ತೆ.

ಉಳ್ಳಾಲದ ಕಥೆ ಸ್ವಲ್ಪ ಬೇರೆ. ಅಲೆಗಳು ಮರಳನ್ನ ದಡದುದ್ದಕ್ಕೂ ಸಾಗಿಸ್ತಾ ಇರ್ತವೆ. 1994ರಲ್ಲಿ ಮೀನುಗಾರಿಕೆ ಬಂದರಿಗಾಗಿ ಅಳಿವೆ ಬಾಯಲ್ಲಿ ಬ್ರೇಕ್‌ವಾಟರ್, ಅಂದ್ರೆ ಅಲೆ ತಡೆಯೋ ಗೋಡೆ, ಕಟ್ಟಿದ ಮೇಲೆ ಆ ಓಡಾಟಕ್ಕೆ ಅಡ್ಡ ಬಿತ್ತು, ದಕ್ಷಿಣದ ದಡದಲ್ಲಿ ಕಡಲ್ಕೊರೆತ ಜೋರಾಯ್ತು. ಮೇಲಿಂದ ಬರೋ ಮರಳನ್ನ ಹೊಳೆಯಲ್ಲೇ ಲಾರಿಗೆ ತುಂಬೋರೂ ಕಡಿಮೆ ಇಲ್ಲ. ಪ್ರತಿ ಮಳೆಗಾಲ ಕಲ್ಲು ಸುರೀತಾರೆ. ಕಲ್ಲು ಮುಗಿದ ಕಡೆಯಿಂದ ಕಡಲು ಮತ್ತೆ ಕೊರೆಯುತ್ತೆ. ಅದಕ್ಕೇ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಲ್ಲಿ ದಡದಿಂದ ಆಚೆ, ನೀರೊಳಗೇ ದಿಬ್ಬ ಕಟ್ಟಿದ್ರು. ಅಲೆ ಅಲ್ಲೇ ಮುರಿದು, ಸುಸ್ತಾಗಿ ದಡಕ್ಕೆ ಬರಲಿ ಅಂತ.

ಈ ಕೆಲಸವನ್ನ ಪುಕ್ಕಟೆ ಮಾಡೋದು ಹವಳದ ದಿಬ್ಬ. ಶ್ರೀಲಂಕಾದವರು ವರ್ಷಗಟ್ಟಲೆ ಅದನ್ನ ಒಡೆದು ಸುಣ್ಣ ಸುಟ್ಟರು, ದಡ ಕರಗಿತು. ಕರಾವಳಿ ಉಳಿಸೋಕೆ 1981ರಲ್ಲಿ ಕಾಯ್ದೆ ತಂದರು. ನಮ್ಮ ಕರಾವಳಿ ನಿಯಂತ್ರಣ ವಲಯದ (ಸಿ.ಆರ್.ಝಡ್.) ನಿಯಮ ಬಂದಿದ್ದು 1991ರಲ್ಲಿ!

ಅಷ್ಟು ಎಚ್ಚರ ಇದ್ದ ದೇಶಕ್ಕೆ 2021ರ ಮೇ ತಿಂಗಳಲ್ಲಿ ಎಕ್ಸ್-ಪ್ರೆಸ್ ಪರ್ಲ್ ಅನ್ನೋ ಹಡಗು ಬಂತು. ಅದರಲ್ಲಿ ನೈಟ್ರಿಕ್ ಆಸಿಡ್ ಸೋರ್ತಿದ್ದ ಒಂದು ಕಂಟೇನರ್. ಕತಾರ್‌ನ ಹಮದ್, ಗುಜರಾತಿನ ಹಜೀರಾ, ಎರಡೂ ಕಡೆ ಇಳಿಸೋಕಾಗಲಿಲ್ಲ. ಕೊಲಂಬೊ ಹತ್ರ ಬೆಂಕಿ ಹೊತ್ತಿ ಜೂನ್‌ನಲ್ಲಿ ಮುಳುಗಿತು. ಸುಮಾರು 1,680 ಟನ್ ಪ್ಲಾಸ್ಟಿಕ್ ಹರಳು ಕಡಲಿಗೆ ಚೆಲ್ಲಿತು. ಸಾಬಕ್ಕಿಯಷ್ಟು ಗಾತ್ರದ ಈ ಹರಳನ್ನ ಕರಗಿಸಿಯೇ ನಮ್ಮನೆ ಬಕೆಟ್ಟು, ಕುರ್ಚಿ, ಕವರ್ ಎಲ್ಲಾ ಆಗೋದು. ನೆಗೊಂಬೊ ಕಡೆ ಮೀನುಗಾರಿಕೆ ನಿಂತೇಹೋಯ್ತು. 2025ರ ಮೇನಲ್ಲಿ ಕೊಚ್ಚಿ ಬಳಿ ಎಂ.ಎಸ್.ಸಿ. ಎಲ್ಸಾ 3 ಮುಳುಗಿದಾಗ ಕೇರಳದ ದಡದಲ್ಲೂ ಇವೇ ಹರಳು.

ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೂರು ಕೋಟಿ ಡಾಲರ್ ಪರಿಹಾರ ಕೊಡಿ ಅಂತ ಹಡಗಿನ ಕಡೆಯವರಿಗೆ ಆದೇಶ ಮಾಡಿತು. ಹಡಗಿಗೆ ಹೆಸರಿದೆ, ಮಾಲೀಕ ಇದಾನೆ, ವಿಮೆ ಇದೆ. ಹಿಡಿದು ಕೇಳಬಹುದು. ಹಳ್ಳದಲ್ಲಿ ತೇಲೋ ಗುಟ್ಕಾ ಪೊಟ್ಟಣಕ್ಕೆ ಯಾರ ಮೇಲೆ ಕೇಸು ಹಾಕ್ತೀರಾ? ಅದನ್ನ ಅಳಿವೆಯಲ್ಲಿ ಹೆಕ್ಕೋಕಾಗಲ್ಲ, ಊರಲ್ಲೇ ಹಿಡೀಬೇಕು. ಒಣಕಸ ವಿಂಗಡಿಸೋಕೆ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ಮಾಡಿದಾರೆ. ನಿಮ್ಮೂರಿಂದು ನಡೀತಿದೆಯಾ, ಬಾಗಿಲು ಹಾಕಿದೆಯಾ? ಮುಂದಿನ ಗ್ರಾಮಸಭೇಲಿ ಕೇಳಿ, ಮುಂಗಾರು ಹಿಡಿಯೋಕೆ ಮುಂಚೆ.