ಶಾಲಾ ಸಮವಸ್ತ್ರ: ಯಾರಿಗಾಗಿ?

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆ ಇದೇ ಸಭಾಂಗಣದಲ್ಲಿ ನಡೆದ ಚರ್ಚಾ ಸ್ಪರ್ಧೆಗೆ ನಾನೂ ಒಬ್ಬ ತೀರ್ಪುಗಾರನಾಗಿದ್ದೆ. 'ಶಾಲೆಗೆ ಸಮವಸ್ತ್ರ ಬೇಕೇ, ಬೇಡವೇ' ಎಂಬುದು ವಿಷಯ. ಪರವಾಗಿ ಮಾತನಾಡಿದವರು ಶಿಸ್ತು, ಸಮಾನತೆ ಎಂದರು. ವಿರೋಧಿಸಿದವರು ಸ್ವಾತಂತ್ರ್ಯ ಎಂದರು. ಚೆನ್ನಾಗಿಯೇ ಮಾತನಾಡಿದರು, ಬಹುಮಾನವನ್ನೂ ಕೊಟ್ಟೆವು. ಆದರೆ ಒಂದು ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಆ ಬಟ್ಟೆಯಿಂದಾಗಿ ಶಾಲೆಯೊಳಗೆ ಬಂದ ಮಗು ಯಾವುದು? ಅದೇ ಬಟ್ಟೆಯಿಂದಾಗಿ ಹೊರಗೆ ಉಳಿದ ಮಗು ಯಾವುದು? ಮಕ್ಕಳ ಮಾತಿಗೆ ಅಂಕ ಹಾಕಿದ ಮೇಲೆ ನನ್ನ ಮಾತನ್ನೂ ಹೇಳುವುದು ನ್ಯಾಯ ಎಂದುಕೊಂಡು ನಿಮ್ಮ ಮುಂದೆ ನಿಂತಿದ್ದೇನೆ.

ನಮ್ಮ ಮನೆಯಲ್ಲೇ ಈ ಎರಡೂ ನಡೆದಿವೆ. ನನಗೆ ಎರಡು ವರ್ಷಕ್ಕೆ ಹಿರಿಯಳಾದ ಅಕ್ಕ ಲೆಕ್ಕದಲ್ಲಿ ನನಗಿಂತ ಬಹಳ ಚುರುಕು. ಏಳನೇ ತರಗತಿಯಲ್ಲಿ ಅವಳೇ ಶಾಲೆಗೆ ಮೊದಲಿಗಳು. ಹೈಸ್ಕೂಲಿಗೆ ಸೇರಬೇಕೆಂದರೆ ಮೊಣಕಾಲುದ್ದದ ನೀಲಿ ಲಂಗ ಕಡ್ಡಾಯವಾಗಿತ್ತು. ತಂದೆಯವರು ಹೋಗಿ, ಬಣ್ಣ ಅದೇ ಇರಲಿ, ಪಾದದವರೆಗೆ ಹೊಲಿಸುತ್ತೇವೆ ಎಂದು ಕೇಳಿಕೊಂಡರು. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂಬ ಉತ್ತರ ಬಂತು. ತಂದೆಯವರೂ ಎರಡನೇ ಸಲ ಕೇಳಲು ಹೋಗಲಿಲ್ಲ. ಆ ತಪ್ಪನ್ನೂ ಹೇಳಲೇಬೇಕು. ಅಕ್ಕ ಉಮ್ಮನ ಪಕ್ಕದಲ್ಲಿ ಬೀಡಿ ಕಟ್ಟಲು ಕುಳಿತಳು. ಎರಡು ವರ್ಷದ ನಂತರ ನಾನು ಅದೇ ಹೈಸ್ಕೂಲಿಗೆ ಸೇರಿದೆ. ನನ್ನ ಬಿಳಿ ಅಂಗಿ, ನೀಲಿ ಚಡ್ಡಿಯ ಬಟ್ಟೆ ಕೊಂಡದ್ದು ಅಕ್ಕನ ಬೀಡಿಯ ಮಜೂರಿಯಿಂದ. ಇದ್ದದ್ದು ಒಂದೇ ಜೊತೆ. ಮಳೆಗಾಲದಲ್ಲಿ ರಾತ್ರಿ ಒಗೆದು ಒಲೆಯ ಮೇಲೆ ಹರಡುತ್ತಿದ್ದರು. ಬೆಳಿಗ್ಗೆ ಚೊಂಬಿಗೆ ಕೆಂಡ ಹಾಕಿ ಅವಳೇ ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಹೊಗೆಯ ವಾಸನೆ ಮಾತ್ರ ಸಂಜೆಯವರೆಗೂ ಹೋಗುತ್ತಿರಲಿಲ್ಲ.

ಹಾಗಾದರೆ ನಾನು ಸಮವಸ್ತ್ರದ ವಿರೋಧಿಯೇ? ಅಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಧ್ಯಾಪಕನಾಗಿದ್ದವನು ನಾನು. ಹಾಜರಿ ಪುಸ್ತಕ ನನಗೊಂದು ಪಾಠ ಕಲಿಸಿದೆ. ಶಾಲೆಯಲ್ಲಿ 'ಬಣ್ಣದ ಬಟ್ಟೆಯ ದಿನ' ಎಂದು ಇಟ್ಟಾಗಲೆಲ್ಲ ನನ್ನ ತರಗತಿಯಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಬೀಳುತ್ತಿತ್ತು. ಪ್ರತಿಸಲವೂ ಹೆಚ್ಚುಕಡಿಮೆ ಅವೇ ಹೆಸರುಗಳು. ಮರುದಿನ ಕೇಳಿದರೆ ಜ್ವರ ಎನ್ನುತ್ತಿದ್ದರು. ಜ್ವರ ಅಲ್ಲ, ಪೆಟ್ಟಿಗೆಯಲ್ಲಿ ಒಳ್ಳೆಯ ಬಟ್ಟೆ ಇಲ್ಲ ಎಂಬುದು ತಿಳಿಯಲು ನನಗೆ ಬಹಳ ಸಮಯ ಹಿಡಿಯಿತು. ಸಮವಸ್ತ್ರ ಬೇಡ ಎಂದು ಬೆಳಿಗ್ಗೆ ವಾದಿಸಿದ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಯೋಚಿಸಬೇಕು. ಸಮವಸ್ತ್ರ ಇಲ್ಲದ ಶಾಲೆಯಲ್ಲಿ ಆ ಮಕ್ಕಳಿಗೆ ಪ್ರತಿದಿನವೂ ಬಣ್ಣದ ಬಟ್ಟೆಯ ದಿನವೇ.

ಇದರ ಮೂಲವೂ ಬಡ ಮಕ್ಕಳ ಕಡೆಗೇ ಹೋಗುತ್ತದೆ. ಇಂಗ್ಲೆಂಡಿನಲ್ಲಿ 1552ರಲ್ಲಿ ಲಂಡನ್ನಿನ ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಸ್ಥಾಪನೆಯಾಯಿತು. ಅಲ್ಲಿನ ಉದ್ದನೆಯ ನೀಲಿ ಕೋಟು ಧರ್ಮಾರ್ಥವಾಗಿ ಕೊಟ್ಟ ಬಟ್ಟೆ. ಶ್ರೀಮಂತರ ಶಾಲೆಗಳು ಕೋಟು, ಟೈಗಳನ್ನು ಪ್ರತಿಷ್ಠೆಯ ಗುರುತಾಗಿ ಮಾಡಿಕೊಂಡದ್ದು ಆಮೇಲೆ. ನಮ್ಮ ನಾಡಿನಲ್ಲೂ ಈ ಎರಡು ದಾರಿಗಳಿವೆ. ಸರಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಉಚಿತವಾಗಿ ಸಮವಸ್ತ್ರ ಕೊಡುವುದು ಒಂದು ದಾರಿ. ಇಂತಹ ಅಂಗಡಿಯಲ್ಲೇ ಕೊಳ್ಳಬೇಕೆಂದು ಚೀಟಿ ಕೊಟ್ಟು ಕಳುಹಿಸುವುದು ಇನ್ನೊಂದು ದಾರಿ. ನಮ್ಮ ಸಂಘ ಯಾವ ದಾರಿಯಲ್ಲಿದೆ ಎಂದು ಸದಸ್ಯರು ತಾವೇ ಕೇಳಿಕೊಳ್ಳಬೇಕು.

ಏಕೆಂದರೆ ಬರುವ ಜೂನ್‌ನಿಂದ ನಮ್ಮ ಶಾಲೆಯ ಸಮವಸ್ತ್ರ ಬದಲಾಯಿಸುವ ಪ್ರಸ್ತಾಪ ಸಮಿತಿಯ ಮುಂದಿದೆ. ಕೋಟು, ಟೈ, ಬುಧವಾರಕ್ಕೆ ಬೇರೆ ಟೀ ಶರ್ಟು, ಶನಿವಾರಕ್ಕೆ ಬಿಳಿ ಬಟ್ಟೆ, ಕಪ್ಪು ಶೂ ಒಂದು ಜೊತೆ, ಬಿಳಿ ಶೂ ಒಂದು ಜೊತೆ. ಪಕ್ಕದ ಶಾಲೆಗಳಿಗೆ ಸಮನಾಗಬೇಕು, ಇಲ್ಲವಾದರೆ ಮಕ್ಕಳು ಅಲ್ಲಿಗೆ ಹೋಗುತ್ತಾರೆ ಎಂಬುದು ಕಾರಣ. ಈ ಆತಂಕ ಸುಳ್ಳಲ್ಲ, ಪ್ರಸ್ತಾಪ ಮಾಡಿದವರ ಉದ್ದೇಶವೂ ಒಳ್ಳೆಯದೇ. ಆದರೆ ಈಗಿನ ಸಮವಸ್ತ್ರ ಬಂದು ಮೂರು ವರ್ಷವೂ ತುಂಬಿಲ್ಲ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮವನ್ನು ಓದಿ ನೋಡಿ. ಒಮ್ಮೆ ನಿಗದಿ ಮಾಡಿದ ಸಮವಸ್ತ್ರವನ್ನು ಐದು ವರ್ಷದೊಳಗೆ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೂ ಒಂದು ವರ್ಷ ಮುಂಚಿತವಾಗಿ ಹೆತ್ತವರಿಗೆ ತಿಳಿಸಬೇಕು ಎನ್ನುತ್ತದೆ ಅದು. ಅಣ್ಣನ ಅಂಗಿ ತಮ್ಮನಿಗೆ ಆಗುವ ಮನೆಗಳ ಲೆಕ್ಕ ತಿಳಿದವರೇ ಆ ನಿಯಮ ಬರೆದಿರಬೇಕು. ಟೈ, ಕೋಟಿನ ತವರಾದ ಇಂಗ್ಲೆಂಡಿನಲ್ಲೂ ಸಮವಸ್ತ್ರದ ಖರ್ಚು ಹೆತ್ತವರಿಗೆ ಭಾರವಾಗಬಾರದೆಂದು 2021ರಲ್ಲಿ ಕಾನೂನನ್ನೇ ಮಾಡಬೇಕಾಯಿತು.

ಇನ್ನು 2022ರ ವಿಷಯ. ಅದನ್ನು ಬಿಟ್ಟು ಸಮವಸ್ತ್ರದ ಬಗ್ಗೆ ಮಾತನಾಡುವುದು ಈ ವೇದಿಕೆಯಲ್ಲಿ ಅಪ್ರಾಮಾಣಿಕವಾದೀತು. ಉಡುಪಿಯ ಕಾಲೇಜಿನ ಗೇಟಿನ ಹೊರಗೆ ನಿಂತ ಹೆಣ್ಣುಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷ ಫೆಬ್ರವರಿ 5ರಂದು ಸರಕಾರದ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಅವರು ಹೆಣ್ಣುಮಕ್ಕಳ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಸರಕಾರದ ಆದೇಶವನ್ನೇ ರದ್ದುಪಡಿಸಬೇಕೆಂದರು. ಹೆಣ್ಣುಮಗುವಿನ ಶಿಕ್ಷಣವೇ ತಮ್ಮ ಮನಸ್ಸಿನಲ್ಲಿದ್ದ ಮುಖ್ಯ ವಿಚಾರ ಎಂದು ಅವರು ಬರೆದರು. ನಾನು ವಕೀಲನಲ್ಲ. ಆದರೆ ಆ ಮಾತನ್ನು ಪತ್ರಿಕೆಯಲ್ಲಿ ಓದಿದಾಗ ಅಕ್ಕನ ಬೀಡಿಯ ಮೊರ ಕಣ್ಣ ಮುಂದೆ ಬಂತು.

ಸಮವಸ್ತ್ರಕ್ಕೂ ಶಿರವಸ್ತ್ರಕ್ಕೂ ವೈರ ಇರಲೇಬೇಕೆಂದಿಲ್ಲ. ಇಂಗ್ಲೆಂಡಿನ ಎಷ್ಟೋ ಶಾಲೆಗಳಲ್ಲಿ ಸಮವಸ್ತ್ರ ಕಟ್ಟುನಿಟ್ಟು, ಆದರೂ ಶಾಲೆಯ ಬಣ್ಣದ ಶಿರವಸ್ತ್ರಕ್ಕೆ ಅಡ್ಡಿಯಿಲ್ಲ. ಫ್ರಾನ್ಸಿನಲ್ಲಿ ಬಹುಪಾಲು ಸರಕಾರಿ ಶಾಲೆಗಳಿಗೆ ಸಮವಸ್ತ್ರವೇ ಇರಲಿಲ್ಲ, ಆದರೂ 2004ರಲ್ಲಿ ಅಲ್ಲಿ ಶಿರವಸ್ತ್ರವನ್ನು ನಿಷೇಧಿಸುವ ಕಾನೂನು ಬಂತು. ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಲಂಗದ ಬದಲು ಚೂಡಿದಾರ ಬಂದಾಗ ಶಿಸ್ತೇನೂ ಕೆಡಲಿಲ್ಲ. ಸೈಕಲ್ ತುಳಿಯುವುದು ಸುಲಭವಾಯಿತು ಎಂದು ಬೆಳಿಗ್ಗೆ ಒಬ್ಬ ವಿದ್ಯಾರ್ಥಿನಿ ಹೇಳಿದಳು. ಇಡೀ ಸ್ಪರ್ಧೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಮಾತು ಅದು.

ಸದಸ್ಯ ಬಂಧುಗಳೇ, ಈಗ ಸ್ವಲ್ಪ ಕಹಿಯಾದ ಮಾತು, ಕ್ಷಮಿಸಿ. 2022ರಲ್ಲಿ 'ನಿಯಮವನ್ನು ಸ್ವಲ್ಪ ಸಡಿಲಿಸಿ, ಮಗು ಒಳಗೆ ಬರಲಿ' ಎಂದು ಊರೆಲ್ಲ ಕೇಳಿಕೊಂಡವರು ನಾವು. ಕಳೆದ ಜುಲೈಯ ಮಳೆಯಲ್ಲಿ ಶೂ ನೆನೆದಿದೆ ಎಂದು ಚಪ್ಪಲಿಯಲ್ಲಿ ಬಂದ ನಾಲ್ಕು ಮಕ್ಕಳು ಮೊದಲ ಪಿರಿಯಡ್ ಪೂರ್ತಿ ಹೊರಗೆ ನಿಂತದ್ದು ಬೇರೆಯವರ ಶಾಲೆಯಲ್ಲಲ್ಲ, ನಮ್ಮ ಶಾಲೆಯಲ್ಲಿ. ಅಧ್ಯಾಪಕರನ್ನು ದೂರಲು ನನಗೆ ಮುಖವಿಲ್ಲ. ನೌಕರಿಯ ಆರಂಭದ ವರ್ಷಗಳಲ್ಲಿ ಸಮವಸ್ತ್ರ ಇಲ್ಲವೆಂದು ಒಬ್ಬ ಹುಡುಗನನ್ನು ನಾನೇ ಮನೆಗೆ ಕಳುಹಿಸಿದ್ದೆ. ವಾರ ಕಳೆದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಮೀನಿನ ದಕ್ಕೆಯಲ್ಲಿ ಬುಟ್ಟಿ ಹೊರುತ್ತಿದ್ದ. 'ಸರ್, ಅಂಗಿಗೆ ದುಡ್ಡಾದ ಮೇಲೆ ಬರುತ್ತೇನೆ' ಎಂದ. ಅವನು ಮತ್ತೆ ಬರಲಿಲ್ಲ. ಎರಡು ಮೀಟರ್ ಬಟ್ಟೆ ಕೊಡಿಸಿದ್ದರೆ ಮುಗಿಯುತ್ತಿದ್ದ ಕೆಲಸ. ಅದು ನನಗೆ ಆ ದಿನ ಹೊಳೆಯಲಿಲ್ಲ.

ಆದ್ದರಿಂದ ಸಮಿತಿಯ ಮುಂದೆ ನನ್ನ ಕೋರಿಕೆ ಇಷ್ಟೇ. ಈಗಿನ ಸಮವಸ್ತ್ರವೇ ಐದು ವರ್ಷ ತುಂಬುವವರೆಗೆ ಇರಲಿ. ಬಟ್ಟೆಯ ಬಣ್ಣ, ಮಾದರಿಯನ್ನು ಫಲಕದಲ್ಲಿ ಹಾಕಿ, ಎಲ್ಲಿ ಬೇಕಾದರೂ ಕೊಂಡು ಹೊಲಿಸಿಕೊಳ್ಳಲು ಬಿಡಿ. ಚಿಕ್ಕದಾದ ಸಮವಸ್ತ್ರಗಳನ್ನು ಮೇ ತಿಂಗಳಲ್ಲಿ ಸಂಗ್ರಹಿಸಿ, ಒಗೆದು, ಬೇಕಾದವರಿಗೆ ಹೆಸರು ಬಯಲಾಗದಂತೆ ಕೊಡುವ ಕೆಲಸವನ್ನು ಹಳೆ ವಿದ್ಯಾರ್ಥಿಗಳು ವಹಿಸಿಕೊಳ್ಳಲಿ. ಬಟ್ಟೆಯ ಕಾರಣಕ್ಕೆ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಬಾರದೆಂಬ ನಿರ್ಣಯ ಇಂದಿನ ಮಹಾಸಭೆಯಲ್ಲೇ ಆಗಲಿ.

ಹೊಸ ಕೋಟಿನ ಮಾದರಿಯನ್ನು ಕಚೇರಿಯಲ್ಲಿ ತೂಗುಹಾಕಿದ್ದಾರೆ. ಸಭೆಗೆ ಮುಂಚೆ ಸದಸ್ಯರು ಒಬ್ಬೊಬ್ಬರಾಗಿ ಹೋಗಿ ಅದನ್ನು ಮುಟ್ಟಿ ನೋಡಿ, ಒಳಗಡೆ ಚುಚ್ಚಿರುವ ಬೆಲೆಯ ಚೀಟಿಯನ್ನೂ ಓದಿ. ಸಾಧ್ಯವಾದರೆ ನಮ್ಮ ಕರಾವಳಿಯ ಈ ಸೆಕೆಯಲ್ಲಿ ಹತ್ತು ನಿಮಿಷ ಅಂತಹದ್ದೊಂದು ತೊಟ್ಟು ಕುಳಿತು, ಆಮೇಲೆ ಕೈ ಎತ್ತಿ.