ಕೊಲ್ಲಿಯ ಮಳಿಗೆ, ಕರಾವಳಿಯ ಕೆಲಸ

ಕೊಲ್ಲಿ ದೇಶದಲ್ಲಿ ಸೂಪರ್‌ಮಾರ್ಕೆಟ್ ಸರಣಿಯೊಂದು ಹೊಸ ಮಳಿಗೆ ತೆರೆದರೆ ಆ ಸುದ್ದಿ ಮಂಗಳೂರಿನ ಮನೆಗಳಿಗೂ ಮುಟ್ಟುತ್ತದೆ. ಇಂಥ ಸರಣಿಗಳಲ್ಲಿ ಹೆಸರಾದದ್ದು ಲುಲು. ತ್ರಿಶೂರು ಜಿಲ್ಲೆಯ ಎಂ.ಎ. ಯೂಸುಫ್ ಅಲಿ 1973ರಲ್ಲಿ ಅಬುಧಾಬಿಗೆ ಹೋಗಿ ಬೆಳೆಸಿದ ಈ ವ್ಯಾಪಾರ 2024ರ ನವೆಂಬರಿನಲ್ಲಿ ಅಲ್ಲಿನ ಷೇರುಪೇಟೆಗೆ ಬಂತು. ಆ ಹೊತ್ತಿಗೆ ಆರು ಕೊಲ್ಲಿ ದೇಶಗಳಲ್ಲಿ ಸುಮಾರು 240 ಮಳಿಗೆಗಳೂ 50,000ದಷ್ಟು ನೌಕರರೂ ಅದಕ್ಕಿದ್ದರು. ಅದಕ್ಕೂ ಮೊದಲೇ, 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗಿ, ಕೆಲಸಕ್ಕೆ ಹೊರಟ ಕರಾವಳಿಯವರಿಗೆ ಮುಂಬೈ ಸುತ್ತಿ ಹೋಗುವ ಕಷ್ಟ ತಪ್ಪಿತ್ತು.

ಮಳಿಗೆಯಲ್ಲಿ ಎದುರಿಗೆ ಕಾಣುವವರು ಕ್ಯಾಷಿಯರ್, ಸೇಲ್ಸ್‌ಮನ್. ಒಳಗೆ ಗೋದಾಮಿನವರು, ಮೀನು ಕತ್ತರಿಸುವವರು, ಬೇಕರಿಯವರು, ಎ.ಸಿ. ಮೆಕ್ಯಾನಿಕ್, ಲೆಕ್ಕ ನೋಡುವವರು ಇರುತ್ತಾರೆ. ಕಪಾಟು ತುಂಬುವ ಕೆಲಸಕ್ಕೆ ವಿದ್ಯೆ ಬೇಡವೆನ್ನುವುದು ಸರಿಯಲ್ಲ. ಮೊಸರಿನ ಹೊಸ ಡಬ್ಬಿ ಬಂತೆಂದರೆ ಇದ್ದದ್ದನ್ನೆಲ್ಲ ಹೊರಗೆ ತೆಗೆದು, ಹೊಸದನ್ನು ಹಿಂದೆ ಜೋಡಿಸಿ, ಬೇಗ ಅವಧಿ ಮುಗಿಯುವುದನ್ನು ಮುಂದೆ ಇಡಬೇಕು. ಮೂಲೆಯಲ್ಲಿ ಉಳಿದ ಡಬ್ಬಿಯ ತಾರೀಕು ದಾಟಿದರೆ ಅದು ಕಸಕ್ಕೆ ಹೋಗುತ್ತದೆ. ಗಿರಾಕಿಯ ಕೈ ಸೇರಿದರೆ ಅಂಗಡಿಯ ಹೆಸರೇ ಕೆಡುತ್ತದೆ. ದಿನವಿಡೀ ನಿಂತೇ ಮಾಡುವ ಈ ದುಡಿಮೆಗೆ ಊರಿನಲ್ಲಿ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ.

ವೀಸಾದ ಹಾದಿಯಲ್ಲಿ ಎಚ್ಚರ ಬೇಕು. 1983ರ ವಲಸೆ ಕಾಯ್ದೆಯಂತೆ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿದವರು ಮಾತ್ರ ಏಜೆಂಟರಾಗಿ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸಬಹುದು. ಅವರ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಯ ಮಿತಿಯಿದೆ. ಹತ್ತನೇ ತರಗತಿ ಪಾಸಾಗದವರು ಕೊಲ್ಲಿಯ ಕೆಲಸಕ್ಕೆ ಹೋಗುವ ಮುನ್ನ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಇದು ಕಿರಿಕಿರಿ ಎನಿಸಿದರೂ ಅವರ ಸಂಬಳದ ಕರಾರನ್ನು ಮೊದಲೇ ಪರಿಶೀಲಿಸುವ ಘಟ್ಟ ಇದೇ.

ಮಳಿಗೆ ಹೆಚ್ಚಿದಷ್ಟೂ ಹೊರಗಿನವರಿಗೆ ಕೆಲಸ ಹೆಚ್ಚುತ್ತದೆ ಎಂದೇನಿಲ್ಲ. ಸೌದಿ ಅರೇಬಿಯಾ 2011ರಲ್ಲಿ ತಂದ ನಿತಾಕತ್ ಯೋಜನೆಯ ಪ್ರಕಾರ ಖಾಸಗಿ ಕಂಪೆನಿಗಳು ಇಂತಿಷ್ಟು ಪಾಲು ಸೌದಿ ಪ್ರಜೆಗಳನ್ನು ನೇಮಿಸಿಕೊಳ್ಳಬೇಕು. ಯು.ಎ.ಇ. ಕೂಡ 2022ರಿಂದ 50 ಅಥವಾ ಹೆಚ್ಚು ನೌಕರರಿರುವ ಕಂಪೆನಿಗಳ ಕುಶಲ ಹುದ್ದೆಗಳಲ್ಲಿ ತನ್ನ ಪ್ರಜೆಗಳ ಪಾಲನ್ನು ವರ್ಷಕ್ಕೆ ಶೇ. 2ರಷ್ಟು ಏರಿಸಹೊರಟಿತು.

ಕೊಲ್ಲಿಯ ಗಿರಾಕಿಗಳಿಂದ ಊರಿನಲ್ಲೇ ಹುಟ್ಟುವ ಕೆಲಸದ ಮಾತು ಕಡಿಮೆ ಕೇಳಿಬರುತ್ತದೆ. ಮಂಗಳೂರಿನ ಬಜ್ಪೆ ನಿಲ್ದಾಣದ ವಿಮಾನಗಳಲ್ಲಿ ಪ್ರಯಾಣಿಕರ ಜೊತೆ ತರಕಾರಿ ಪೆಟ್ಟಿಗೆಗಳೂ ಕೊಲ್ಲಿಗೆ ಹೋಗುತ್ತವೆ. ಶಂಕರಪುರದ ಮಲ್ಲಿಗೆಗೂ ಅಲ್ಲಿ ಗಿರಾಕಿಗಳಿದ್ದಾರೆ. ಕೊಯ್ಯುವವರು, ಕಟ್ಟುವವರು, ತೂಗುವವರು, ಕಸ್ಟಮ್ಸ್ ಕಾಗದ ಮಾಡುವವರು ಇದರಿಂದ ಊರಲ್ಲಿದ್ದುಕೊಂಡೇ ದುಡಿಯುತ್ತಾರೆ. ತೋಟದಿಂದ ವಿಮಾನದವರೆಗೆ ತಂಪು ಕೆಡದಂತೆ ಸಾಗಿಸುವ ಏರ್ಪಾಡು ಬೆಳೆದರೆ ಈ ಕೈಗಳ ಸಂಖ್ಯೆ ಇನ್ನೂ ಏರೀತು.