ಹಳೆಯ ಜೀಪು ಮಳೆಗಾಲಕ್ಕೆ ಸಿದ್ಧವಾಗುವ ಬಗೆ

(ಉಪನ್ಯಾಸದ ಪಠ್ಯ)



ಡಾಂಬರು ಮುಗಿದ ಮೇಲೆ ಮೂರು ನಾಲ್ಕು ಕಿಲೋಮೀಟರ್ ಕೆಮ್ಮಣ್ಣಿನ ಏರು, ನಡುವೆ ಎರಡು ಹಳ್ಳ, ಅದರಾಚೆ ಐದಾರು ಮನೆ. ಮಲೆನಾಡಿನ ಅನೇಕ ಊರುಗಳ ಸ್ಥಿತಿ ಇಂದಿಗೂ ಇದೇ. ಆಷಾಢದ ರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿದರೆ, ಹಾವು ಕಚ್ಚಿದರೆ, ಅಂಥ ಮನೆಯ ಬಾಗಿಲಿಗೆ ಬರಬಲ್ಲುದು ಊರಿನ ಜೀಪೊಂದೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದು ರಸ್ತೆಗಳು ಕಡಿದುಹೋದಾಗ, ದಾರಿ ಎಂಬುದು ಎಷ್ಟು ತೆಳುವಾದ ಎಳೆ ಎಂಬುದು ಎಲ್ಲರಿಗೂ ಅರಿವಾಯಿತು.

ಮಹೀಂದ್ರಾ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದು 1947ರಲ್ಲಿ. ಮಾರುತಿ ಜಿಪ್ಸಿ 1985ರಲ್ಲಿ ಬಂತು, ಥಾರ್ 2010ರಲ್ಲಿ. ಹೊಸ ಗಾಡಿಯ ಬೆಲೆ ಸಣ್ಣ ಹಿಡುವಳಿಯವರಿಗೆ ಎಟುಕುವುದಿಲ್ಲವಾದ್ದರಿಂದ ಮಲೆನಾಡಿನ ಹಳ್ಳಿಗಳಲ್ಲಿ ಓಡುವ ಜೀಪುಗಳಲ್ಲಿ ಹೆಚ್ಚಿನವು ಎರಡನೆಯ, ಮೂರನೆಯ ಕೈಯವು. ಕೊಂಡವರು ಮೊದಲು ಮಾಡುವ ಕೆಲಸವೆಂದರೆ ಬಣ್ಣ ಹೊಡೆಸುವುದು, ದೊಡ್ಡ ಟೈರು ಹಾಕಿಸುವುದು, ಮುಂದೆ ನಾಲ್ಕು ದೀಪ ಕಟ್ಟಿಸುವುದು. ಈ ಮೂರೂ ಕೊನೆಗೆ ಬರಬೇಕಾದ ಕೆಲಸಗಳು. ಮೂರನೆಯದು ಬಾರದಿದ್ದರೂ ನಷ್ಟವೇನಿಲ್ಲ.

ಮೊದಲು ಕಾಗದಪತ್ರ. ಚಾಸಿಸ್ಸಿನ ಮೇಲೆ ಕೊರೆದ ಸಂಖ್ಯೆಯೂ ಆರ್.ಸಿ. ಪುಸ್ತಕದ ಸಂಖ್ಯೆಯೂ ಒಂದೇ ಆಗಿರಬೇಕು. ಒಡೆತನದ ವರ್ಗಾವಣೆಗೆ ನಮೂನೆ 29 ಮತ್ತು 30, ಹೊರರಾಜ್ಯದ ಗಾಡಿಯಾದರೆ ನಿರಾಕ್ಷೇಪಣೆಯ ನಮೂನೆ 28 ಬೇಕು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುವುದರಿಂದ ಅದು ನವೀಕರಣಗೊಂಡಿದೆಯೇ ಎಂಬುದನ್ನೂ ನೋಡಬೇಕು. ಎಂಜಿನ್ ಬದಲಿಸಿದ, ಚಾಸಿಸ್ ಕತ್ತರಿಸಿ ಗಿಡ್ಡವೋ ಉದ್ದವೋ ಮಾಡಿದ ಜೀಪುಗಳು ಸಂತೆಯಲ್ಲಿ ಬೇಕಾದಷ್ಟಿವೆ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಹಾಗೆ ಬದಲಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅಂಥ ಗಾಡಿ ಅಪಘಾತಕ್ಕೆ ಸಿಕ್ಕಿದಾಗ ವಿಮೆಯೂ ತಕರಾರಿಗೆ ಬೀಳುತ್ತದೆ.

ಅನಂತರ ಜೀಪಿನ ಅಡಿಗೆ ನುಸುಳಬೇಕು. ಮಲೆನಾಡಿನ ಮಳೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವುದುಂಟು. ಕೆಸರು ಚಾಸಿಸ್ಸಿನ ಸಂದಿಗಳಲ್ಲಿ ಕುಳಿತು ಬೇಸಗೆಯವರೆಗೂ ತೇವ ಹಿಡಿದಿರುತ್ತದೆ. ಸ್ಪ್ರಿಂಗು ಚಾಸಿಸ್ಸಿಗೆ ಸೇರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ ಮತ್ತು ಬಾಡಿಯ ಬೋಲ್ಟುಗಳ ಸುತ್ತಮುತ್ತಲನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹ ಖಣ್ ಎನ್ನುತ್ತದೆ. ತುಕ್ಕು ತಿಂದ ಲೋಹ ಮಂಕಾಗಿ ಸದ್ದು ಮಾಡುತ್ತದೆ. ದಪ್ಪಗೆ ಬಳಿದ ಹೊಸ ಕಪ್ಪು ಬಣ್ಣ ಕಂಡಲ್ಲಿ ಸಂಶಯ ಹೆಚ್ಚಿರಲಿ. ಲೀಫ್ ಸ್ಪ್ರಿಂಗಿನ ಪ್ಲೇಟುಗಳಲ್ಲಿ ಬಿರುಕಿದೆಯೇ, ಯು-ಬೋಲ್ಟು ಸಡಿಲವಾಗಿದೆಯೇ, ಬುಷ್ಷುಗಳು ಸವೆದಿವೆಯೇ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಕೈಯಲ್ಲಿ ತಿರುವಿದಾಗ ಆಡುತ್ತವೆಯೇ ಎಂಬುದನ್ನು ಅಲ್ಲಿಯೇ ನೋಡಿ ಮುಗಿಸಬಹುದು.

ಎಲ್ಲಕ್ಕಿಂತ ಹೆಚ್ಚಿನ ಹೊತ್ತು ಕೊಡಬೇಕಾದದ್ದು ಬ್ರೇಕಿಗೆ. ಏರು ಹತ್ತಲಾಗದ ಜೀಪು ನಿಂತಲ್ಲೇ ನಿಲ್ಲುತ್ತದೆ, ಜನ ಇಳಿದು ನಡೆಯುತ್ತಾರೆ. ಇಳಿಯುವಾಗ ನಿಲ್ಲದ ಜೀಪಿಗೆ ಪರಿಹಾರವಿಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಹಳತಾದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಘಾಟಿಯಲ್ಲಿ ಬಿಸಿಯೇರಿದಾಗ ಒಳಗೆ ಆವಿ ಹುಟ್ಟಿ ಪೆಡಲು ನೆಲ ಮುಟ್ಟುತ್ತದೆ. ಆದ್ದರಿಂದ ಹಿಂದಿನ ಮಾಲೀಕ ಏನೇ ಹೇಳಿರಲಿ, ಫ್ಲೂಯಿಡನ್ನು ಪೂರ್ತಿ ಬದಲಿಸಿ, ರಬ್ಬರ್ ಹೋಸುಗಳನ್ನೂ ವೀಲ್ ಸಿಲಿಂಡರುಗಳನ್ನೂ ಬಿಚ್ಚಿ ನೋಡಿಸುವುದೇ ಸರಿ. ಹ್ಯಾಂಡ್ ಬ್ರೇಕು ಏರಿನಲ್ಲಿ ತುಂಬಿದ ಗಾಡಿಯನ್ನು ಹಿಡಿದು ನಿಲ್ಲಿಸಬೇಕು. ಹಿಂದಿನ ಚಕ್ರಕ್ಕೆ ಕಲ್ಲಿಡುವ ಹುಡುಗನನ್ನು ಜೊತೆಗೆ ಕೂರಿಸಿಕೊಂಡು ಹೋಗುವುದು ಹ್ಯಾಂಡ್ ಬ್ರೇಕಿಗೆ ಬದಲಿಯಲ್ಲ.

ಎಣ್ಣೆಗಳ ಪರೀಕ್ಷೆ ಸುಲಭ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಾಗೂ ಹಿಂದಿನ ಡಿಫರೆನ್ಷಿಯಲ್, ಈ ನಾಲ್ಕರ ಎಣ್ಣೆಯನ್ನೂ ಸ್ವಲ್ಪ ತೆಗೆದು ನೋಡಬೇಕು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದರ್ಥ. ಇದು ಆಗುವ ಬಗೆ ಹೀಗೆ: ಏರು ಹತ್ತಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಉಸಿರುಗೊಳವೆ ಕೆಸರಿನಿಂದ ಮುಚ್ಚಿದ್ದರೆ ಎಣ್ಣೆ ಸೀಲಿನ ಸಂದಿಯಿಂದ ನೀರು ಎಳೆಯಲ್ಪಡುತ್ತದೆ. ಮುಚ್ಚದೆ ನೀರಿನಲ್ಲಿ ಮುಳುಗಿದ್ದರೆ ಆ ಕೊಳವೆಯಿಂದಲೇ ಒಳಸೇರುತ್ತದೆ. ಒಂದು ರಬ್ಬರ್ ನಳಿಗೆಯನ್ನು ಜೋಡಿಸಿ ಕೊಳವೆಯ ಬಾಯಿಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದರೆ ಸಾಕು. ನೂರಾರು ರೂಪಾಯಿಯ ಈ ಕೆಲಸ ಸಾವಿರಾರು ರೂಪಾಯಿಯ ಕ್ರೌನ್ ಮತ್ತು ಪಿನಿಯನ್ನನ್ನು ಉಳಿಸುತ್ತದೆ.

ಬದಲಿಸಿದ ಹಳೆಯ ಎಣ್ಣೆ ಎಲ್ಲಿಗೆ ಹೋಗಬೇಕು? ಬೇಲಿಗೂಟಕ್ಕೆ ಬಳಿಯುವ, ಉಳಿದುದನ್ನು ಚರಂಡಿಗೆ ಚೆಲ್ಲುವ ರೂಢಿ ಎಲ್ಲೆಡೆ ಇದೆ. ಮೊದಲ ಮಳೆಗೇ ಅದು ಹಳ್ಳ ಸೇರುತ್ತದೆ, ಆ ಹಳ್ಳದ ನೀರೇ ಕೆಳಗಿನ ಮನೆಯ ಕೊಡ ತುಂಬುತ್ತದೆ. ಬಳಸಿದ ಎಣ್ಣೆಯನ್ನು ಕಾನೂನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿದೆ. ಡಬ್ಬದಲ್ಲಿ ಹಿಡಿದು ಮುಚ್ಚಳ ಬಿಗಿದು, ಪೇಟೆಯಲ್ಲಿ ಅದನ್ನು ಸಂಗ್ರಹಿಸಿ ಮರುಶುದ್ಧಿಗೆ ಕಳುಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಜೀಪನ್ನು ಹಳ್ಳಕ್ಕೆ ಇಳಿಸಿ ತೊಳೆಯುವುದೂ ಇದೇ ಸಾಲಿಗೆ ಸೇರುವ ಕೆಟ್ಟ ಅಭ್ಯಾಸ.

ಫೋರ್ ವೀಲ್ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ಕೆಸರಿನಲ್ಲಿ ಸಿಲುಕಿದ ದಿನ ತಿಳಿಯುವಂತಾಗಬಾರದು. ವರ್ಷಗಟ್ಟಲೆ ಮುಟ್ಟದ ಲಿವರು ತುಕ್ಕು ಹಿಡಿದು ಕೂತಿರುತ್ತದೆ. ಗದ್ದೆಯ ಬದಿಯ ಸಡಿಲ ಮಣ್ಣಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹಾಯಿಸಿ, ಮುಂದಿನ ಚಕ್ರಗಳೂ ಎಳೆಯುತ್ತಿವೆಯೇ ಎಂದು ನೋಡಬೇಕು. ಒಣ ಡಾಂಬರಿನ ಮೇಲೆ ಈ ಪ್ರಯೋಗ ಸಲ್ಲದು: ಹಳೆಯ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಬಿಗಿಯಾಗಿ ಕೂಡಿಕೊಳ್ಳುವುದರಿಂದ ತಿರುವಿನಲ್ಲಿ ಹಲ್ಲುಗಳ ಮೇಲೆ ಅತಿಯಾದ ಒತ್ತಡ ಬೀಳುತ್ತದೆ. ಲೋ ಗೇರಿನಲ್ಲಿ ಗಾಡಿಯ ವೇಗ ಅರ್ಧಕ್ಕಿಂತ ಕೆಳಗಿಳಿದು ಎಳೆಯುವ ಬಲ ಎರಡು ಪಟ್ಟಿಗೂ ಮೀರುತ್ತದೆ. ಇದರ ನಿಜವಾದ ಪ್ರಯೋಜನ ಇಳಿಜಾರಿನಲ್ಲಿ. ಲೋ ಗೇರು, ಒಂದನೆಯ ಗೇರು, ಕ್ಲಚ್ಚಿನಿಂದ ಕಾಲು ದೂರ. ಎಂಜಿನ್ನೇ ಜೀಪನ್ನು ಹಿಡಿದು ಇಳಿಸುತ್ತದೆ, ಬ್ರೇಕು ತಣ್ಣಗಿರುತ್ತದೆ.

ಗುಡ್ಡದ ಹಿತಕ್ಕೂ ಇದಕ್ಕೂ ಸಂಬಂಧವುಂಟು. ದಾರಿಯನ್ನು ಅಗೆಯುವುದು ಸುತ್ತುವ ಚಕ್ರವಲ್ಲ, ಜಾರಿ ಒಂದೇ ಕಡೆ ಸುತ್ತುವ ಚಕ್ರ. ಎರಡೇ ಚಕ್ರದ ಬಲದಲ್ಲಿ ರೊಯ್ಯನೆ ಏರಿಸಿದಾಗ ಮಣ್ಣು ಕಿತ್ತು ಕಾಲುವೆಯಾಗುತ್ತದೆ. ಆರಿದ್ರಾ ಮಳೆ ಆ ಕಾಲುವೆಯನ್ನೇ ಹಿಡಿದು ಹರಿಯುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಅದು ಮೊಣಕಾಲುದ್ದದ ಕೊರಕಲು. ಆಗ ಗಾಡಿಯವರು ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಮಾಡುತ್ತಾರೆ. ಶೋಲಾ ಕಾಡಿನ ನೆತ್ತಿಯ ಹುಲ್ಲುಗಾವಲಿನಲ್ಲಿ ತೆಳುವಾದ ಮಣ್ಣನ್ನು ಹಿಡಿದಿರುವುದು ಆ ಹುಲ್ಲಿನ ಬೇರು. ಮೋಜಿಗಾಗಿ ಅಲ್ಲಿ ಜೀಪು ಹತ್ತಿಸುವುದನ್ನು ಸಾಹಸವೆಂದು ಕರೆಯಲಾಗದು. ರಕ್ಷಿತಾರಣ್ಯದೊಳಗೆ, ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಅಪರಾಧವೂ ಹೌದು. ಊರಿಗೆ ಒಂದೇ ಜಾಡು ಸಾಕು. ಅದರ ನೀರು ಓರೆಯಾಗಿ ಹೊರಹೋಗುವಂತೆ ಅಲ್ಲಲ್ಲಿ ಅಡ್ಡಗಾಲುವೆ ತೆಗೆದು, ಕೊರಕಲಿಗೆ ಕಲ್ಲು ತುಂಬುವ ಕೆಲಸ ಮೃಗಶಿರಾ ಮಳೆ ಹಿಡಿಯುವ ಮುನ್ನವೇ ಮುಗಿಯಬೇಕು.

ಟೈರಿನ ವಿಷಯದಲ್ಲಿ ಹಲ್ಲು ನೋಡಿದರಷ್ಟೇ ಸಾಲದು, ವಯಸ್ಸನ್ನೂ ನೋಡಬೇಕು. ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2314 ಎಂದರೆ 2014ರ ಇಪ್ಪತ್ತಮೂರನೆಯ ವಾರ. ಬಿರುಕು ಬಿಟ್ಟ ಹಳೆಯ ರಬ್ಬರು ಒದ್ದೆ ಕಲ್ಲಿನ ಮೇಲೆ ಹಿಡಿತ ಕೊಡದು. ನಾಲ್ಕೂ ಒಂದೇ ಅಳತೆಯವಾಗಿರಬೇಕು.

ಸಿಲುಕಿದ ಜೀಪನ್ನು ಎಳೆಯುವ ಕೊಕ್ಕೆ ಚಾಸಿಸ್ಸಿಗೆ ಬೋಲ್ಟಾಗಿರಲಿ. ಬಂಪರಿಗೆ ಕಟ್ಟಿ ಎಳೆದಾಗ ಕಿತ್ತುಬರುವ ಕಬ್ಬಿಣ ಕೊಲ್ಲಬಲ್ಲುದು. ಹಗ್ಗ ಬಿಗಿಯುವಾಗ ಹತ್ತಿರ ಯಾರೂ ನಿಲ್ಲಬಾರದು. ಮರಕ್ಕೆ ಕಟ್ಟಬೇಕಾದರೆ ಸರಪಳಿಯಾಗಲಿ ಉಕ್ಕಿನ ಹಗ್ಗವಾಗಲಿ ಬೇಡ. ಅವು ತೊಗಟೆಯನ್ನು ಸುತ್ತಲೂ ಕೊಯ್ಯುತ್ತವೆ. ಸುತ್ತ ತೊಗಟೆ ಹೋದ ಮರ ನಿಂತಲ್ಲೇ ಒಣಗುತ್ತದೆ. ಅಂಗೈ ಅಗಲದ ಪಟ್ಟಿಯನ್ನು ಬುಡದ ಹತ್ತಿರ ಸುತ್ತುವುದು ಮರಕ್ಕೂ ಗಾಡಿಗೂ ಕ್ಷೇಮ. ಒಂದು ಹಾರೆ, ಒಂದು ಗುದ್ದಲಿ, ಕತ್ತಿ, ಎರಡು ಹಲಗೆ ತುಂಡು ಸದಾ ಜೀಪಿನಲ್ಲಿರಲಿ.

ಹಳ್ಳ ದಾಟುವ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಬೇಕು. ನಡೆಯಲು ಹೆದರಿಕೆಯಾಗುವ ನೀರಿಗೆ ಜೀಪನ್ನು ಇಳಿಸುವಂತಿಲ್ಲ, ರೋಗಿ ಒಳಗಿದ್ದರೂ ಇಳಿಸುವಂತಿಲ್ಲ. ಆಗ ಕಂಬಳಿಯ ಜೋಲಿ, ಸಂಕ, ಆಚೆ ದಡಕ್ಕೆ ಕರೆಸಿದ ಇನ್ನೊಂದು ಗಾಡಿಯೇ ದಾರಿ. ನೀರು ಗಾಳಿಯಂತೆ ಅಡಕವಾಗದು. ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ನುಗ್ಗಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡದೆ ಹಗ್ಗ ಹಾಕಿ ಎಳೆಯಬೇಕು. ದಾಟಿದ ಮೇಲೆ ನೂರು ಗಜ ಬ್ರೇಕನ್ನು ಹಗುರಾಗಿ ಒತ್ತುತ್ತಾ ಹೋದರೆ ಡ್ರಮ್ಮುಗಳು ಒಣಗುತ್ತವೆ. ಮರುದಿನ ಬೆಳಿಗ್ಗೆ, ಎಣ್ಣೆಯಿಂದ ನೀರು ಬೇರ್ಪಟ್ಟು ತಳಕ್ಕೆ ಇಳಿದಿರುವಾಗ, ಡಿಫರೆನ್ಷಿಯಲ್ಲಿನ ಕೆಳಗಿನ ಪ್ಲಗ್ಗನ್ನು ತುಸು ಸಡಿಲಿಸಿ ಡಬ್ಬ ಹಿಡಿಯಬೇಕು. ಮೊದಲು ತೊಟ್ಟಿಕ್ಕುವುದು ನೀರಾದರೆ ಎಣ್ಣೆ ಬದಲಿಸುವವರೆಗೆ ಜೀಪು ಕೊಟ್ಟಿಗೆಯಲ್ಲೇ ನಿಲ್ಲಲಿ.